ಏರಿದ್ವೆಷ್ಟು, ಇಳಿದ್ವೆಷ್ಟು

ಶೇರು ಪ್ಯಾಟ್ಯಾಗ ರೊಕ್ಕ ಕಳಕೊಂಡವರು ಊರಿಗೆ ಹತ್ತು ಮಂದಿ ಸಿಗ್ತಾರ. ನಾ ಅಲ್ಲಿ ರೊಕ್ಕ ಹಾಕಲೇ ಇಲ್ಲ, ಹಾಕಾಕ ಇರಲೂ ಇಲ್ಲ. ನಾ ಕಳಕೊಂಡಿದ್ದು ಬರೇ ಮಾನ. ಅದೂ ಒಮ್ಮೆಗೇ ಹೋಗಿದ್ರ ಛಲೋ ಇತ್ತು, ಕಂತಿನ ಮ್ಯಾಲೆ ಹೋತು.

ಎರಡು ಸಾವಿರದ ನಾಕು-ಐದನೇ ಇಸವಿ ಮಾತು. ಇಳಕಲ್ಲ ಬಜಾರದಾಗ ಒಂದು ಭಾಂಡೆ ಅಂಗಡಿ ಇತ್ತು, ಅದರ ಮಾಳಗಿ ಮ್ಯಾಲೆ ನಮ್ಮ ಶೇರಿನ ಆಫೀಸು. ಎರಡು ಕಂಪ್ಯೂಟರು, ಆರು ಪ್ಲಾಸ್ಟಿಕ್ ಕುರ್ಚಿ, ಒಂದು ಫ್ಯಾನು. ಗಿರಾಕಿ ಹೇಳಿದ್ದು ಕೊಳ್ಳೂದು, ಹೇಳಿದ್ದು ಮಾರೂದು ನನ್ನ ಕೆಲಸ. ನಮ್ಮಪ್ಪ ನೇಕಾರ. ನಾ ಮಗ್ಗ ಬಿಟ್ಟು ಕಂಪ್ಯೂಟರ್ ಮುಂದ ಕುಂತ ದಿನದಿಂದ ಅಪ್ಪ ಅದಕ್ಕ "ಟೀವಿ ನೋಡೂ ನೌಕರಿ" ಅಂತಿದ್ದ. ಯಾರರ ಕೇಳಿದ್ರ, "ನಮ್ಮ ಹುಡುಗ ಏನೂ ಮಾಡೂದಿಲ್ರಿ" ಅಂತ ಹೇಳಿ ಮತ್ತ ಲಾಳಿ ಹೊಡೀತಿದ್ದ. ಅವ ಒಮ್ಮೆರ ಈ ಮಾಳಗಿ ಹತ್ತಿ ಬಂದು, "ಹೌದಪಾ, ಇದೂ ಕೆಲಸನ" ಅನ್ನಬೇಕು. ನನಗ ಬೇಕಾಗಿದ್ದು ಅಷ್ಟ.

ಅದಕ್ಕಂತನ ಹುಬ್ಬಳ್ಳಿಗೆ ಹೋಗಿ ಐದು ದಿನ ಚಾರ್ಟ್ ತಗಿಯೋ ಸಾಫ್ಟ್‌ವೇರ್ ಕಲತು ಬಂದೆ. ಅದರಾಗ ನನ್ನ ತಲ್ಯಾಗ ಹೊಕ್ಕಿದ್ದು ಒಂದ ಸಂಗತಿ. ಸೂಚ್ಯಂಕ ಏರೇತಿ ಅಂದ ಕೂಡಲೆ ಪ್ಯಾಟಿ ಏರೇತಿ ಅಂತ ನಂಬಬಾರದು. ಎಷ್ಟು ಶೇರು ಏರಿದ್ವು, ಎಷ್ಟು ಇಳಿದ್ವು ಅಂತ ಎಣಿಸಬೇಕು. ಏರಿದ್ದರಾಗ ಇಳಿದದ್ದು ಕಳದು, ಉಳಿದದ್ದನ್ನ ನಿನ್ನಿ ಲೆಕ್ಕಕ್ಕ ಕೂಡಿಸ್ಕೋತ ಹೋದ್ರ ಒಂದು ಗೆರಿ ಆಗ್ತೈತಿ. ಸೂಚ್ಯಂಕ ಏರಿ ಈ ಗೆರಿ ಇಳಿದ್ರ, ನಾಕು ದೊಡ್ಡ ಎತ್ತು ಗಾಡಿ ಎಳ್ಯಾಕ ಹತ್ಯಾವ, ಉಳಿದವು ಮಕ್ಕೊಂಡಾವ ಅಂತ ತಿಳೀಬೇಕು. ಇಷ್ಟು ತಿಳದದ್ದ ತಡ, ಇಡೀ ಜಿಲ್ಲಾಕ್ಕ ನಾನ ಶಾಣ್ಯಾ ಅನಸಾಕ ಹತ್ತಿತು.

ಕರಿ ಹಲಗಿ

ಕೆಳಗ ಮೆಟ್ಟಲದ ಬಾಜೂಕ ಒಂದು ಕರಿ ಹಲಗಿ ತೂಗ ಹಾಕಿ ದಿನಾ ಸಂಜಿಗೆ ಬರೀತಿದ್ದೆ: ಏರಿದ್ವು ೧೭, ಇಳಿದ್ವು ೧೦. ಮಂದಿ ಗುಂಪುಗೂಡಿ ಓದತಿದ್ರು. ಕೆಲವರಂತೂ ಅಂಗೈ ಮ್ಯಾಲೆ ಬರಕೊಂಡು ಹೋಗ್ತಿದ್ರು. ನಮ್ಮೂರಿಗೆ ಇಷ್ಟು ತಿಳವಳಿಕಿ ಬಂತಲ್ಲ ಅಂತ ನನ್ನ ಎದಿ ಉಬ್ಬಿತ್ತು.

ವಾರ ಆಗಿರಲಿಲ್ಲ, ಒಬ್ಬ ಪೊಲೀಸಪ್ಪ ಮಾಳಗಿ ಹತ್ತಿ ಬಂದ. "ಯಾವನಲೇ ಅವ, ರಾಜಾರೋಷ ಮಟಕಾ ನಂಬರ್ ಬರಿಯಾವ?"

ಅಂಗೈ ಮ್ಯಾಲೆ ಬರಕೊಂಡವರ ತಿಳವಳಿಕಿ ಎಂಥಾದ್ದು ಅಂತ ಅವಾಗ ತಿಳೀತು. "ಮಟಕಾ ಅಲ್ರಿ ಸಾಹೇಬ್ರ, ಶೇರಿನ ಲೆಕ್ಕ" ಅಂತ ಕೈ ಮುಗದು, ಅವನ್ನ ಕುಂಡ್ರಿಸಿ, ಚಹಾ ತರಿಸಿ, ಗೆರಿ ತೋರಿಸಿ ಅರ್ಧಾ ತಾಸು ಪಾಠ ಮಾಡಿದೆ. ಎಲ್ಲಾ ಕೇಳಿ ತಲಿ ಆಡಿಸಿದ. ಹೋಗೂ ಮುಂದ ಬಾಗಲಾ ಸ್ವಲ್ಪ ಮುಂದ ಮಾಡಿ ಸಣ್ಣ ದನಿಲೆ ಕೇಳಿದ, "ಅದೆಲ್ಲಾ ಇರಲಿ. ಖರೆ ಹೇಳು, ನಾಳಿಗೆ ಏನು ಬರ್ತೈತಿ?"

ಸುದ್ದಿ ನನಕಿಂತ ಮದಲ ಮನಿ ಮುಟ್ಟಿತ್ತು. ಅಪ್ಪ ಮಗ್ಗದಾಗಿಂದ ತಲಿ ಎತ್ತಲಿಲ್ಲ. "ಇಷ್ಟು ದಿನ ನಮ್ಮ ಹುಡುಗ ಏನೂ ಮಾಡೂದಿಲ್ಲ ಅಂತಿದ್ದೆ. ಛಲೋ ಇತ್ತದು."

ಸೆರಗಿನ ಬಣ್ಣ

ನಮ್ಮ ದೊಡ್ಡ ಗಿರಾಕಿ ಅಂದ್ರ ಒಬ್ಬ ಸೀರಿ ಸಾವಕಾರ್ರು. ಅಪ್ಪ ನೇದ ಸೀರಿನೂ ಅವರಿಗೇ ಹೋಗ್ತಿದ್ವು. ಏರಿದ್ದಕ್ಕ ಹಸರು, ಇಳಿದದ್ದಕ್ಕ ಕೆಂಪು ತೋರಸೂದು ಕಂಪ್ಯೂಟರಿನ ರೂಢಿ. ಸಾವಕಾರ್ರಿಗೆ ಅದು ಕಣ್ಣಿಗೆ ಆಗ್ತಿರಲಿಲ್ಲ. "ಕುಂಕುಮ ಕೆಂಪು. ನಮ್ಮೂರ ಸೀರಿ ಸೆರಗು ಕೆಂಪು. ನೀ ನೋಡಿದ್ರ ಮುಳಗಿದ್ದಕ್ಕ ಕೆಂಪು ಬಳೀತೀ. ದರಿದ್ರ ಹತ್ತತೈತಿ ತಮ್ಮಾ, ತಿರುವಿ ಹಾಕು."

ದೊಡ್ಡವರ ಮಾತು, ತಿರುವಿ ಹಾಕಿದೆ.

ಬಾಗಲಕೋಟಿಯಿಂದ ನಮ್ಮ ಸಾಹೇಬ್ರು ತಪಾಸಣಿಗೆ ಬಂದ ದಿನ ಪ್ಯಾಟಿ ಭಾಳ ಏರಿತ್ತು. ಅವರು ಬಾಗಲದಾಗ ನಿಂತು ಪರದೆ ನೋಡಿದ್ರು. ಮ್ಯಾಲಿಂದ ಕೆಳತನಕ ಕೆಂಪ ಕೆಂಪು. ಬೆವತು ಗ್ವಾಡಿ ಹಿಡಕೊಂಡು, "ನೀರು ಕೊಡ್ರೋ, ಎಲ್ಲಾ ಮುಳಗೇತಿ" ಅಂತ ಕುಸದು ಕುಂತ್ರು. ಸಾವಕಾರ್ರು ಮಾರಿ ತುಂಬ ನಕ್ಕೋತ ಬಂದು ಅವರ ಬಾಯಾಗ ಒಂದು ಪೇಡೆ ತುರುಕಿದ್ರು. "ಬಾಯಿ ಸೀ ಮಾಡ್ರಿ ಸಾಹೇಬ್ರ! ಇಂಥಾ ದಿನ ದಿನಾ ಬರಲಿ!"

ಆಮ್ಯಾಲೆ ಸಾಹೇಬ್ರು ನನಗ ಬೈದದ್ದು ಕೆಳಗಿನ ಭಾಂಡೆ ಅಂಗಡಿ ತನಕ ಕೇಳಸ್ತಂತ.

ಮಾಸ್ತರ ಎಮ್ಮಿ

ಗುಡೂರಿನಿಂದ ಒಬ್ಬ ಗಣಿತದ ಮಾಸ್ತರು ಬರ್ತಿದ್ರು. ಬ್ಯಾಸಗಿ ಸೂಟಿಯೊಳಗ ಒಂದು ಶೇರು ಕೊಳ್ತೇನಿ ಅಂತ ಬಂದ್ರು. ನಾ ಗೆರಿ ನೋಡಿದೆ, ಇಳಿಮಾರಿ ಆಗಿತ್ತು. "ಬ್ಯಾಡ್ರಿ ಸರ್. ಸೂಚ್ಯಂಕ ಏರೇತಿ ಖರೆ, ಗೆರಿ ಒಪ್ಪವಲ್ದು." ನಂಬಿ ಎದ್ದು ಹೋದ್ರು. ಆ ಶೇರು ಮುಂದ ಆರು ತಿಂಗಳು ಕೆಳಗ ನೋಡಲಿಲ್ಲ.

ಮಾಸ್ತರು ಬಸ್‌ಸ್ಟ್ಯಾಂಡಿನ್ಯಾಗ ಕಂಡ್ರ ನಾ ಎಳನೀರಿನ ಗಾಡಿ ಹಿಂದ ಅಡಗತಿದ್ದೆ. ಒಂದು ದಿನ ಆಫೀಸಿಗೇ ಬಂದ್ರು, ಕೈಯಾಗ ಒಂದು ಗಂಟು. ಬೈಗುಳದ ಗಂಟು ಇರಬೇಕು ಅಂತ ಎದ್ದು ನಿಂತೆ. ಬಿಚ್ಚಿದ್ರ ಜ್ವಾಳದ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು.

"ನೀವು ಬ್ಯಾಡ ಅಂದ ರೊಕ್ಕದಾಗ ಎಮ್ಮಿ ತಗೊಂಡ್ವಿ. ಶೇರಿನ ಹುಚ್ಚು ಬಿಡಿಸಿದ ಪುಣ್ಯಾತ್ಮಗ ಮುಟ್ಟಿಸಿ ಬರ್ರಿ ಅಂತ ಮನಿಯವರು ಕಳಿಸ್ಯಾರ. ಅಂದಂಗ ಆ ಶೇರು ಏನಾತ್ರಿ?"

"ಅದ... ಐತ್ರಿ ಸರ್" ಅಂದೆ. ಖರೆ ಹೇಳಾಕ ನಾಲಿಗಿ ಏಳಲಿಲ್ಲ. ನಾಚಿಕಿಲೆ ತುತ್ತು ಗಂಟಲಾಗ ಇಳೀವಲ್ದಾಗಿತ್ತು. ಹಂಗೂ ಹಿಂಗೂ ಮಾಡಿ ನಾಕು ರೊಟ್ಟಿ ಇಳಿಸಿದೆ.

ಅಪ್ಪ ಮಾಳಗಿ ಹತ್ತಿದ

ಸಾವಕಾರ್ರು ಅಂಗಡ್ಯಾಗ ಸಿಗದ, ಅವರನ್ನ ಹುಡುಕ್ಕೋತ ಅಪ್ಪ ಒಂದು ದಿನ ನಮ್ಮ ಆಫೀಸಿಗೆ ಬಂದ. ಕಂಕಳಾಗ ನೇದು ಮುಗಿಸಿದ ಎರಡು ಸೀರಿ. ಸಾವಕಾರ್ರು ಇದ್ರು, ಮೊಸರು ಕೊಡಾಕ ಬಂದ ಮಾಸ್ತರೂ ಇದ್ರು. ಇಂಥಾ ದಿನ ಮತ್ತ ಬರೂದಿಲ್ಲ ಅಂತ ಕುರ್ಚಿ ಒರಸಿ ಕುಂಡ್ರಿಸಿದೆ. ಗೆರಿ ತೋರಿಸಿ ಎಲ್ಲಾ ಬಿಡಿಸಿ ಹೇಳಿದೆ.

ಅಪ್ಪ ಅಂದ, "ಇದಕ್ಕ ಹುಬ್ಬಳ್ಳಿಗ್ಯಾಕ ಹೋಗಿದ್ದಿ? ಮುಂಜಾನೆ ಓಣ್ಯಾಗ ನಡಕೋತ ಹೊಂಟ್ರ ಎಷ್ಟು ಮನ್ಯಾಗ ಮಗ್ಗದ ಸಪ್ಪಳ ಐತಿ ಅಂತ ಕೇಳತೇವಿ. ಒಬ್ಬನ ಮನ್ಯಾಗ ಹತ್ತು ಮಗ್ಗ ನಡದು ಉಳಿದವರು ಕಟ್ಟಿ ಮ್ಯಾಲೆ ಕುಂತಿದ್ರ, ಧಂದೆ ನಡದೈತಿ ಅನ್ನೂದಿಲ್ಲ. ಇಷ್ಟ ಹೌದಲ್ಲ?"

ನನಗ ಐದು ದಿನ ಹಿಡದದ್ದು ಅವಗ ಐದು ನಿಮಿಷ. ಖುಷಿಲೆ ಕಣ್ಣಾಗ ನೀರು ಬಂತು. "ಹೌದಪಾ! ಇದು ಇಡೀ ದೇಶದ ಮಗ್ಗದ ಸಪ್ಪಳ!"

ಅಪ್ಪ ಕಣ್ಣು ಸಣ್ಣ ಮಾಡಿ ಪರದೆ ನೋಡಿದ. ಎಳಿ ಎಣಿಸಿ ಬದುಕಿದ ಜೀವ ಅದು. "ಏರಿದ್ವು ಹತ್ತೊಂಬತ್ತು. ಇಳಿದ್ವು ಎಂಟು. ಕೂಡಿಸಿದ್ರ ಇಪ್ಪತ್ತೇಳಾತು. ಇಡೀ ದೇಶದಾಗ ಇರೂವು ಇಪ್ಪತ್ತೇಳ ಶೇರೇನು?"

ನಾನೂ ಬೆರಳು ಮಡಚಿ ಕೂಡಿಸಿದೆ, ಇಪ್ಪತ್ತೇಳ ಬಂತು.

ಒಂದೂವರಿ ವರ್ಷ ದಿನಾ ಬರದಿದ್ದೆ, ಒಮ್ಮೆನೂ ಕೂಡಿಸಿ ನೋಡಿರಲಿಲ್ಲ. ಗಣಿತದ ಮಾಸ್ತರು ಮ್ಯಾಲೆ ತೊಲಿ ಎಣಸಾಕ ಹತ್ತಿದ್ರು. ತಗದು ನೋಡಿದ್ರ, ಮದಲನೇ ದಿನ ಕೈ ಪಳಗಲಿ ಅಂತ ನಮ್ಮ ಗಿರಾಕಿಗಳ ಹಂತ್ಯಾಕ ಇದ್ದ ಶೇರಿನ ಒಂದು ಪಟ್ಟಿ ಮಾಡಿ, ಅದನ್ನ ಎಣಸು ಅಂತ ಸಾಫ್ಟ್‌ವೇರಿಗೆ ಹೇಳಿದ್ದೆ. ಇಡೀ ಪ್ಯಾಟಿ ಎಣಸು ಅಂತ ಹೇಳೂದ ಮರತಿದ್ದೆ. ನಾ ದೇಶದ ನಾಡಿ ಅಂತ ಹಿಡಕೊಂಡಿದ್ದು ಈ ಆರು ಕುರ್ಚಿದ್ದು. ಭೂಮಿ ಬಾಯಿ ತಗದ್ರ ಛಲೋ ಅನಿಸಿತು, ಆದ್ರ ಕೆಳಗ ಭಾಂಡೆ ಅಂಗಡಿ ಇತ್ತು.

ಅಪ್ಪ ಬೈಲಿಲ್ಲ. "ಎಳಿ ತಪ್ಪಿದ್ರ ಏನು ಮಾಡ್ತೇವಿ? ಬಿಚ್ಚಿ ಮತ್ತ ನೇಯ್ತೇವಿ. ಬಿಚ್ಚು" ಅಂದು ಅಲ್ಲೇ ಕುಂತ. ಇಡೀ ಪ್ಯಾಟಿ ಕೂಡಿಸಿ ಹೊಸದಾಗಿ ಎಣಿಸಿದೆ. ಸಂಜಿಗೆ ಕರಿ ಹಲಗಿ ಒರಸಿ, ಮೂರು ಮೂರು ಅಂಕಿದ ಖರೆ ಲೆಕ್ಕ ಬರದು ಮ್ಯಾಲೆ ಬಂದೆ.

ನನ್ನ ಬೆನ್ನಿಗೇ ಧಡಧಡ ಮೆಟ್ಟಲ ಹತ್ತಿ ಆ ಪೊಲೀಸಪ್ಪ ಬಂದ. ಮೈಮ್ಯಾಲೆ ಡ್ರೆಸ್ ಇರಲಿಲ್ಲ, ಲುಂಗಿ ಇತ್ತು.

"ಏನಲೇ ಇದು, ಮೂರು ಮೂರು ಅಂಕಿ? ಎರಡಂಕಿ ಜೋಡಿ ನಂಬರ್ ಎಲ್ಲಿ ಹೋತು?"

"ಸಾಹೇಬ್ರ, ಇಷ್ಟು ದಿನ ಬರದದ್ದು ತಪ್ಪಿತ್ರಿ. ಇದು ಖರೆ ಲೆಕ್ಕ."

"ಆ ತಪ್ಪು ಲೆಕ್ಕ ನಂಬಿ ನನಗ ಮೂರು ಸಲ ಮಟಕಾ ಹತ್ತೇತಿ! ನಿನ್ನ ಖರೆ ಲೆಕ್ಕ ಯಾರಿಗೆ ಬೇಕಲೇ?"

ಅಪ್ಪ ಸೀರಿ ಕಂಕಳಾಗ ಇಟ್ಕೊಂಡು ಎದ್ದ. ಪೊಲೀಸಪ್ಪನ್ನ ನೋಡಿದ, ನನ್ನ ನೋಡಿದ. ನಾ ಮಗ್ಗ ಬಿಟ್ಟ ಮ್ಯಾಲೆ ಅವ ನಕ್ಕಿದ್ದು ಅದ ಮದಲು.

"ಒಬ್ಬಗರ ಉಪಯೋಗ ಆಗೇತಲ್ಲ" ಅಂದ. "ಹೌದಪಾ, ಇದೂ ಕೆಲಸನ."