ಮೂರೇ ಎಂದ ಚಿಪ್

ಚಿಪ್ ‘ಮೂರು’ ಎಂದಿತು. ತಂತಿ ನಂಬಲಿಲ್ಲ. ಕೆಟ್ಟದ್ದೆಲ್ಲ ಅಲ್ಲಿಂದಲೇ.

ತಂತಿ ಎಂದರೆ ಸ್ಕೂಟರ್ ಬ್ಯಾಟರಿ ಮಾಡುವ ಸಣ್ಣ ಕಾರ್ಖಾನೆಯೊಂದರಲ್ಲಿ ಬ್ಯಾಟರಿ ಪರೀಕ್ಷಿಸುವವನು. ಮೈ ತಂತಿಯಂತೆ, ಯಾರು ಹೇಗೆ ಬಗ್ಗಿಸಿದರೂ ಬಗ್ಗುವ ಗುಣವೂ ಹಾಗೇ. ಬ್ಯಾಟರಿಯಲ್ಲಿ ನೂರಕ್ಕೆ ಎಷ್ಟು ಚಾರ್ಜ್ ಉಳಿದಿದೆ ಎಂದು ಹೇಳುವ ಹೊಸ ಚಿಪ್ಪನ್ನು, ಪಿನ್ನುಗಳು ಎದ್ದುನಿಂತು ಮುಳ್ಳಿನ ಹಾಸಿಗೆಯಂತಿದ್ದ ಪರೀಕ್ಷೆಯ ಹಲಗೆಗೆ ವೈರ್ ಬೆಸೆದು ಕೂರಿಸಿದ್ದ. ಅದು ‘ನೂರು’ ತೋರಿಸಿದರೆ ಅವನಿಗೆ ಬಿಡುಗಡೆ.

ಬಿಡುಗಡೆ ಬೇಕೇ ಬೇಕಿತ್ತು. ಎತ್ತಿ ಆಡಿಸಿದ ಅಕ್ಕ ಸಂಜೆಯ ರೈಲಿಗೆ ದೂರದ ಮಗಳ ಮನೆಗೆ ಹೊರಟಿದ್ದಳು, ಇನ್ನು ಅಲ್ಲೇ ಇರುವುದು. ನಿನ್ನೆ ಆ ಅಕ್ಕನಿಗೇ ಫೋನಿನಲ್ಲಿ, “ನಿನ್ನ ಉಪದೇಶ ಸಾಕು, ಹೋಗು!” ಅಂದುಬಿಟ್ಟಿದ್ದ. ಉಪದೇಶವಾದರೂ ಏನು? “ಕಂಡಕಂಡೋರ ಮಾತು ಕೇಳ್ಬೇಡ ಕಣೋ” ಅಂತ, ಅಷ್ಟೇ. ಫೋನಿನಲ್ಲಿ ಆಡಿದ ಮಾತು ಫೋನಿನಲ್ಲೇ ತೊಳೆದುಹೋಗುವುದಿಲ್ಲ. ಎದುರು ನಿಂತು, ಕೈ ಹಿಡಿದು, “ತಪ್ಪಾಯ್ತಕ್ಕ” ಅನ್ನಬೇಕು.

“ಮೂರಾ?” ಸ್ಟೋರಿನವನು ಕತ್ತು ತೂರಿಸಿದ. “ರಾತ್ರಿಯೆಲ್ಲಾ ಚಾರ್ಜಿಗಿಟ್ಟ ಬ್ಯಾಟರಿ! ಕರೆಂಟ್ ಅಳೆಯೋ ಎರಡು ವೈರ್ ಅದಲುಬದಲಾಗಿದೆ, ತಿರುಗಿಸು.”

ತಿರುಗಿಸಿದ. ಬೆರಳು ಸುಟ್ಟಿತು. ಮೂರೇ.

ಲೆಕ್ಕದ ಮೇಡಂ ಟೀ ಲೋಟದ ಸಮೇತ ಬಂದರು. “ಇದು ನಮ್ಮನೆಯವರ ಥರ ಕಣಪ್ಪ. ಎದ್ದ ತಕ್ಷಣ ಕಂಡಿದ್ದೇ ದಿನವೆಲ್ಲಾ ಹಾಡ್ತಾರೆ. ಚಿಪ್ಪನ್ನ ಆಫ್ ಮಾಡಿ ಮಲಗಿಸು, ಮೇಜಿನ ಪವರ್ ಸಪ್ಲೈಯಿಂದ ತುಂಬಿದ ಬ್ಯಾಟರಿಯಷ್ಟೇ ವೋಲ್ಟೇಜ್ ಕೊಟ್ಟು ಎಬ್ಬಿಸು, ಆಮೇಲೆ ಆರದ ಹಾಗೆ ಬ್ಯಾಟರಿಗೆ ಕೊಡು.”

ಚಿಪ್ ಕಣ್ಣು ಬಿಟ್ಟಿತು. ನೂರು! ಬ್ಯಾಟರಿಗೆ ಬದಲಿಸಿದರೂ ನೂರು. ಮೂವರೂ ಮನೆಯಲ್ಲಿ ಗಂಡುಮಗು ಹುಟ್ಟಿದಂತೆ ಕುಣಿದರು.

“ಭೇಷ್!” ಎಂದರು ಮಾಲೀಕರು. “ಇದೇ ಬ್ಯಾಟರಿ ಚಿಪ್ಪಿನ ಸಮೇತ ಗಾಡಿಗೆ ಹಾಕ್ಕೊಂಡು ಸ್ಟೇಷನ್ನಿಗೆ ಹೋಗು. ರಸ್ತೆ ಮೇಲೂ ಪರೀಕ್ಷೆ ಆಗತ್ತೆ.”

“ಬಸ್ಸಿಗೇ ಹೋಗ್ತೀನಿ ಸಾರ್...”

“ನೂರಿದೆಯಲ್ಲೋ!” ಎಲ್ಲರದೂ ಒಂದೇ ದನಿ. ತಂತಿ ಬಗ್ಗಿದ.

ರೈಲು ಹಳಿಯ ಮೇಲಿನ ಸೇತುವೆ ಏರುವಾಗ ಗಾಡಿ ಬಿಕ್ಕಿ ನಿಂತಿತು. ಮೀಟರಿನಲ್ಲಿ ನೂರು.

“ಬ್ಯಾಟರಿ ಹೋಗಿರ್ಬೇಕು,” ದಾರಿಹೋಕನೊಬ್ಬ ಬಗ್ಗಿ ನೋಡಿದ. “ಓ, ನೂರಿದೆ. ಹಾಗಾದ್ರೆ ಏನೂ ತೊಂದ್ರೆ ಇಲ್ಲ ಬಿಡಿ.” ಹೊರಟೇಹೋದ.

ತಳ್ಳುತ್ತ ತಳ್ಳುತ್ತ ತಂತಿಗೆ ನೆನಪಾಯಿತು. ನಿನ್ನೆ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಚಾರ್ಜರಿನ ಪ್ಲಗ್. ಅಕ್ಕನ ಮೇಲಿನ ಸಿಟ್ಟಿನಲ್ಲಿ ಪ್ಲಗ್ಗನ್ನು ಮೇಜಿನ ಮೇಲೇ ಕುಕ್ಕಿ ಮನೆಗೆ ನಡೆದಿದ್ದ. ಬ್ಯಾಟರಿ ಚಾರ್ಜೇ ಆಗಿರಲಿಲ್ಲ. ಚಿಪ್ ಬೆಳಿಗ್ಗೆ ಹೇಳಿದ್ದೇ ನಿಜ. ಆಮೇಲೆ ಅದಕ್ಕೆ ಸುಳ್ಳು ಕಲಿಸಿದವನು ತಾನು: ಮೇಡಂ ಮಾತಿಗೆ ನೂರೆಂದು ಎಬ್ಬಿಸಿದ, ಸ್ಟೋರಿನವನ ಮಾತಿಗೆ ವೈರ್ ತಿರುಗಿಸಿ, ಬ್ಯಾಟರಿಯಿಂದ ಖರ್ಚಾದ ಕರೆಂಟೆಲ್ಲ ಚಿಪ್ಪಿಗೆ ಜಮೆಯೆಂದು ಕಾಣುವಂತೆ ಮಾಡಿದ.

ಫೋನು ಬಡಿದುಕೊಂಡಿತು. ಅಕ್ಕ.

“ಎಲ್ಲಿದ್ದೀಯೋ? ನಿನ್ನ ನೋಡೋಣ ಅಂತ ಕಾರ್ಖಾನೆಗೇ ಬಂದಿದ್ದೆ. ‘ನೂರು ಬ್ಯಾಟರೀಲಿ ಹೋಗಿದಾನೆ, ಆಗ್ಲೇ ಸ್ಟೇಷನ್ ಸೇರಿರ್ತಾನೆ, ಓಡಿ’ ಅಂದ್ರು. ಕಂಡೋರ ಮಾತು ಕೇಳ್ಬೇಡ ಅಂತ ನಿಂಗೆ ಹೇಳಿ, ನಾನೇ ಕೇಳ್ದೆ ನೋಡು. ಓಡಿಬಂದು ರೈಲು ಹತ್ತಿದೆ, ಅದು ಹೊರಟೇಬಿಡ್ತು ಕಣೋ.”

ಫೋನಿನ ಮೂಲೆಯಲ್ಲಿ ಉಳಿದ ಚಾರ್ಜ್ ‘ಮೂರು’ ಎಂದಿತ್ತು. ಈ ಸಲ ನಂಬಿದ. ಬೇರೆಲ್ಲ ಬಿಟ್ಟು, “ತಪ್ಪಾಯ್ತಕ್ಕ!” ಎಂದು ಕೂಗಿದ.

ಅಷ್ಟರಲ್ಲಿ ಸೇತುವೆಯ ಕೆಳಗೆ ಅವಳ ರೈಲೇ ಧಡಧಡನೆ ಹಾಯಿತು.

“ಏನಂದ್ಯೋ? ಈ ಸದ್ದಲ್ಲಿ ಒಂದೂ ಕೇಳಿಸ್ತಿ...”

ಫೋನು ಸತ್ತಿತು. ಮಬ್ಬುಗತ್ತಲಲ್ಲಿ ಸ್ಕೂಟರ್ ಮಾತ್ರ ನೂರು ತೋರಿಸುತ್ತಲೇ ಇತ್ತು.