ತಲೆನೋವಿಗೊಬ್ಬ ಸಾಕ್ಷಿ

ದರ್ಜಿ ತುಳಜಾರಾಮನ ತಲೆನೋವಿಗೆ ಒಂದು ಕೆಟ್ಟ ಗುಣವಿತ್ತು. ಅದು ಸರಿಯಾಗಿ ಕೆಲಸದ ಹೊತ್ತಿಗೇ ಬರುತ್ತಿತ್ತು. ಮಧ್ಯಾಹ್ನ ಹೊಲಿಗೆ ಮಿಷನ್ನಿನ ಮುಂದೆ ಕೂತು ಇನ್ನೇನು ಕಾಲಾಡಿಸಬೇಕು, ಬಲಗಣ್ಣಿನ ಹಿಂದೆ ಯಾರೋ ಕಾಯಿಸಿದ ದಬ್ಬಳ ಚುಚ್ಚಿದ ಹಾಗಾಗುತ್ತಿತ್ತು. ಕಣ್ಣು ಕೆಂಪು, ರೆಪ್ಪೆ ಜೋಲು, ಆ ಒಂದೇ ಕಣ್ಣಲ್ಲಿ ನೀರು, ಅದೇ ಕಡೆಯ ಮೂಗಿನಲ್ಲೂ ನೀರು. ಕೂತರೆ ಕೂರಲಾಗದು, ಮಲಗಿದರೆ ಮಲಗಲಾಗದು. ಪಾಪ, ಹಣೆ ಹಿಡಿದುಕೊಂಡು ಅಂಗಳದ ತುಂಬ ಗಿರಗಿರ ತಿರುಗುತ್ತಿದ್ದ.

ಅಷ್ಟೇ ಆಗಿದ್ದರೆ ಜನ ಅಯ್ಯೋ ಅನ್ನುತ್ತಿದ್ದರೇನೋ. ಆದರೆ ತಾಸು ಹೊತ್ತು ಹೀಗೆ ಹಣ್ಣು ಮಾಡಿ ನೋವು ತಟ್ಟನೆ ಬಿಟ್ಟುಹೋಗುತ್ತಿತ್ತು. ಹೋದ ಮೇಲೆ ತುಳಜಾರಾಮ ಹಸಿವೆಂದು ರೊಟ್ಟಿ ಕೇಳುತ್ತಿದ್ದ. ಅಲ್ಲೇ ಅವನು ಕೆಟ್ಟ. ತಲೆನೋವಿನವನು ಮುಸುಕೆಳೆದು ನರಳಬೇಕು. ಓಡಾಡಿ, ಕೂಗಾಡಿ, ಆಮೇಲೆ ಎರಡು ರೊಟ್ಟಿ ಹೊಡೆಯುವವನನ್ನು ಯಾರು ನಂಬುತ್ತಾರೆ? ಅದೂ ವರ್ಷದಲ್ಲಿ ಲಗ್ನದ ತಿಂಗಳುಗಳಲ್ಲಿ ಮಾತ್ರ ಬಂದು, ಆಮೇಲೆ ಹೇಳದೆ ಕೇಳದೆ ನಾಪತ್ತೆಯಾಗುವ ನೋವು!

"ಸೋಂಗ! ಬರೇ ನಾಟಕ!" ಎಂದಳು ಅವನ ತಾಯಿ ಕೇಶರಬಾಯಿ, ಒಂದು ದಿನ ಬೆಳಿಗ್ಗೆ. "ಲಗ್ನಸರಾಯಿ ಬಂತಂದ್ರ ಇವಗ ತಲಿಬ್ಯಾನಿ. ನಿಮ್ಮಪ್ಪ ಜ್ವರ ಬಂದ್ರೂ ಮಿಷನ್ ಬಿಟ್ಟು ಎದ್ದಿಲ್ಲ. ಸಾಕಿನ್ನ, ನಾಳಿಂದ ಮಿಷನ್ ಮ್ಯಾಲ ಖಂಡು ಕುಂದರ್ತಾನ."

ಖಂಡು ತುಳಜಾರಾಮನ ತಮ್ಮ. ಅವನು ಹೊಲಿದ ಅಂಗಿ ಹಾಕಿಕೊಂಡವರಿಗೆ ಕೈ ಮೇಲೆತ್ತಲು ಬರುತ್ತಿರಲಿಲ್ಲ. ಅಂಥವನಿಗೆ ಅಪ್ಪನ ಮಿಷನ್! ಕಲ್ಯಾಣಿಯಲ್ಲಿ ತುಳಜಾರಾಮನಿಗೆ ಬೇರೆ ಯಾವ ಮರ್ಯಾದೆಯೂ ಇರಲಿಲ್ಲ. ಇದ್ದದ್ದೆಲ್ಲ ಆ ಮಿಷನ್ನಿನ ಮುಂದಿನ ಜಾಗದಲ್ಲೇ ಇತ್ತು. (ಬಸವಕಲ್ಯಾಣವನ್ನು ಎಲ್ಲರೂ ಬರೀ ಕಲ್ಯಾಣಿ ಎನ್ನುತ್ತಿದ್ದ ಕಾಲ ಅದು.)

ಪಕ್ಕದ ಮನೆಯ ಮುನ್ನಿ ಬೀ ಗೋಡೆಯ ಮೇಲಿಂದ ತಲೆ ಹಾಕಿದಳು. ಆ ಮನೆಯ ಯಾವ ಜಗಳವೂ ಆಕೆಯಿಲ್ಲದೆ ಮುಗಿದದ್ದಿಲ್ಲ. "ಖರೇ ದರ್ದ್ ಇದ್ದವರು ಹಿಂಗ ಓಡ್ಯಾಡ್ತಾರೇನು ಬಾಯಿ? ನಮ್ಮ ಖಾಲಾಗ ಆಧಾಸೀಸಿ, ಅರ್ಧತಲಿ ಬ್ಯಾನಿ ಇತ್ತು. ಕತ್ತಲ ಖೋಲ್ಯಾಗ ಮಕ್ಕೊಂಡಳಂದ್ರ ಸಂಜಿತನಾ ಹೂಂ ಇಲ್ಲ, ಹಾಂ ಇಲ್ಲ."

"ಆದ್ರ ಅತ್ತಿ," ಎಂದಳು ಹೆಂಡತಿ ಸೋನುಬಾಯಿ ಮೆಲ್ಲಗೆ, "ಒಂದೇ ಕಣ್ಣಾಗ ನೀರು ತರೂದು ಸೋಂಗ ಮಾಡಿದ್ರ ಬರ್ತದೇನ್ರಿ? ನಾ ಕನ್ನಡಿ ಮುಂದ ನಿಂತು ಮಾಡಿ ನೋಡೀನಿ. ನನಗ ಬರಲಿಲ್ಲ."

ಇಡೀ ಕಲ್ಯಾಣಿಯಲ್ಲಿ ತುಳಜಾರಾಮನನ್ನು ಅರ್ಧವಾದರೂ ನಂಬಿದ ಜೀವ ಇದೊಂದೇ. ಕೇಶರಬಾಯಿ ಮಗನ ಕಡೆ ತಿರುಗಿದಳು: "ಹಾಂಗಾದ್ರ ಇಂಥಾ ಬ್ಯಾನಿ ಇರೂ ಇನ್ನೊಬ್ಬನ್ನ ತೋರ್ಸು. ಸುಳ್ಳ ಹೇಳದ ಮನುಷ್ಯಾ ಇರಬೇಕು. ಇವತ್ತ ತಂದು ನಿಲ್ಲಿಸು, ಮಿಷನ್ ನಿನಗೇ."

ತುಳಜಾರಾಮನಿಗೆ ಅಂದು ನೂಲು ತರಲು ಹುಮನಾಬಾದಿಗೆ ಹೋಗಬೇಕಿತ್ತು. ಎರಡನೇ ಮಹಾಯುದ್ಧದ ಕಾಲ, ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲಿನ ಹೊಗೆಯಿಂದ ಓಡುತ್ತಿದ್ದವು. ಏರು ಬಂದಲ್ಲೆಲ್ಲ ಗಂಡಸರು ಇಳಿದು ನೂಕಬೇಕು. ನೂಕುತ್ತಲೇ ಅವನು ಪಕ್ಕದವರನ್ನು ಕೇಳಿದ: "ನಿಮಗ ಒಂದ ಕಣ್ಣಿನ ಹಿಂದ ಬ್ಯಾನಿ ಬರತದೇನ್ರಿ?" ಒಬ್ಬ ಬೆನ್ನು ತೋರಿಸಿದ, ಒಬ್ಬ ಮೊಣಕಾಲು ತೋರಿಸಿದ. ಕಣ್ಣು ಯಾರೂ ತೋರಿಸಲಿಲ್ಲ.

ಹುಮನಾಬಾದಿನಲ್ಲಿ ನೂಲು ಕೊಂಡು ಅಂಗಡಿ ಇಳಿಯುವುದರಲ್ಲಿ ಬಲಗಣ್ಣಿನ ಹಿಂದೆ ದಬ್ಬಳ ಚುಚ್ಚಿತು. ನಡುಪೇಟೆಯಲ್ಲಿ ಕುಣಿಯುವುದು ಬೇಡವೆಂದು ಅಂಗಡಿಸಾಲಿನ ಹಿಂದಿದ್ದ ಬೇವಿನಮರದ ಕಡೆ ಓಡಿ, ಅದರ ಸುತ್ತ ತಿರುಗತೊಡಗಿದ. ಅರ್ಧ ಸುತ್ತು ಮುಗಿಸಿರಲಿಲ್ಲ, ಧಡ್ ಎಂದು ಯಾರಿಗೋ ಡಿಕ್ಕಿ ಹೊಡೆದ.

"ಅಂಧಾ ಹೈ ಕ್ಯಾ! ಕಣ್ಣ ಕಾಣಂಗಿಲ್ಲೇನು?" ಎಂದರು ಎದುರಿದ್ದ ಹಿರಿಯರು. ಕಪ್ಪು ಶೇರ್ವಾನಿ, ಬಿಳಿ ಗಡ್ಡ, ಎಡಗಣ್ಣು ಕೆಂಡದ ಉಂಡೆ. ಆ ಒಂದೇ ಕಣ್ಣಿನಿಂದ ನೀರಿಳಿದು ಗಡ್ಡದ ಒಂದೇ ಬದಿ ತೊಯ್ದಿತ್ತು.

ಇಬ್ಬರೂ ಬಾಯಿ ತೆರೆದು ಒಬ್ಬರನ್ನೊಬ್ಬರು ನೋಡಿದರು. ಆದರೆ ನಿಂತು ಮಾತಾಡುವ ನೋವೇ ಅದು? ಅವರು ಆ ಕಡೆ, ಇವನು ಈ ಕಡೆ ತಿರುಗುತ್ತಲೇ ಹೋದರು. ಎದುರಾದಾಗೊಂದು ಮಾತು.

"ಕಣ್ಣಿನ ಹಿಂದ ಏನ್ರಿ?"

"ಹಿಂದೇ! ನಿಂದು?"

"ನಂದೂ! ಮೂಗು?"

"ಒಂದೇ ಕಡಿ!"

"ಮಕ್ಕೊಂಡ್ರ?"

"ತೌಬಾ! ಜ್ಯಾಸ್ತಿ!"

ಮಜ್ಜಿಗೆ ಮಾರುವ ಹೆಂಗಸೊಬ್ಬಳು ಇದನ್ನು ನೋಡಿದಳು. ಕಣ್ಣೀರು ಸುರಿಸುತ್ತ ಮರ ಸುತ್ತುತ್ತಿದ್ದಾರೆಂದರೆ ಭಾರಿ ಹರಕೆಯೇ ಇರಬೇಕು. ಗಡಿಗೆ ಇಳಿಸಿ ತುಳಜಾರಾಮನ ಹಿಂದೆ ಕೈಮುಗಿದು ಹೊರಟಳು. ಪಾನಪಟ್ಟಿಯವನೊಬ್ಬ ಬಂದು, "ಯಾವ ಪೀರ್ ಅದಾರ್ರಿ ಇಲ್ಲಿ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಊದಿನಕಡ್ಡಿ ಹಚ್ಚಿ ಹಿರಿಯರ ಹಿಂದೆ ಬಿದ್ದ. ನೋವು ಇಳಿಯುವ ಹೊತ್ತಿಗೆ ಮರದ ಬುಡಕ್ಕೆ ಅರಿಶಿನ ಬಿದ್ದಿತ್ತು, ತೆಂಗಿನಕಾಯಿ ಒಡೆದಿತ್ತು, ಮಕ್ಕಳಾಗದ ದಂಪತಿಗಳಿಬ್ಬರು ಎಷ್ಟು ಸುತ್ತು ಹಾಕಬೇಕೆಂದು ವಿಚಾರಿಸುತ್ತಿದ್ದರು. ಇಬ್ಬರೂ ಸದ್ದಿಲ್ಲದೆ ಜಾರಿಕೊಂಡು ಚಹಾದಂಗಡಿ ಸೇರಿದರು.

ಹಿರಿಯರ ಹೆಸರು ಜಲಾಲುದ್ದೀನ್; ಶಾಲೆಯಲ್ಲಿ ಉರ್ದು ಕಲಿಸಿ ನಿವೃತ್ತರಾದ ಮಾಸ್ತರು. ಅವರಿಬ್ಬರ ಮಾತು ಕೇಳಿದ್ದರೆ ಎರಡು ಮನೆಯವರು ಬೀಗತನ ಕುದುರಿಸುತ್ತಿದ್ದಾರೆ ಅನ್ನಬೇಕು. ನಿಮಗೆ ಯಾವಾಗ? ಬ್ಯಾಸಿಗಿಯಾಗ. ಅರೇ, ನಮಗೂ! ಬಿಟ್ಟಮೇಲೆ ಹಸಿವು? ಭಯಂಕರ! ಗೋಡೆಗೆ ತಲೆ ಹಾಯ್ದದ್ದುಂಟೇ? ಉಂಟು, ಗೋಡೆಯ ಸುಣ್ಣ ಹೋಗಿದೆ!

"ಎಷ್ಟೋ ಮಂದೀಗ ಎಷ್ಟೋ ಕಲಿಸೀನಿ ಬೇಟಾ," ಎಂದರು ಮಾಸ್ತರು, "ಈ ತಕಲೀಫ್ ಹ್ಯಾಂಗದ ಅನ್ನೂದು ಒಬ್ಬರಿಗೂ ತಿಳಿಸಿ ಹೇಳಾಕ ಬರಲಿಲ್ಲ. ನಿನಗ ಹೇಳೂದೇ ಬ್ಯಾಡಾಯ್ತು."

"ನಾ ಒಬ್ಬನೇ ಅಂತ ತಿಳಕೊಂಡಿದ್ದೆನ್ರಿ," ಎಂದ ತುಳಜಾರಾಮ. ಇಬ್ಬರೂ ಅತ್ತರು, ಈ ಸಲ ಎರಡೆರಡು ಕಣ್ಣಲ್ಲಿ.

ಮಿಷನ್ನಿನ ಕಥೆ ಕೇಳಿದ್ದೇ ತಡ, ಮಾಸ್ತರು ಟೋಪಿ ಸರಿಮಾಡಿಕೊಂಡು ಎದ್ದರು. "ನಡಿ, ಗವಾಹಿ, ಸಾಕ್ಷಿ ನಾ ಹೇಳತೀನಿ. ನಿಮ್ಮಪ್ಪ ಹೊಲಿದ ಶೇರ್ವಾನಿನೇ ಇದು. ನಿಮ್ಮ ತಾಯಿ ನನ್ನ ಮಾತು ತೆಗದಹಾಕಂಗಿಲ್ಲ." ಬಸ್ಸು ಹತ್ತಿದ ಮೇಲೆ ಒಂದು ಎಚ್ಚರಿಕೆಯನ್ನೂ ಕೊಟ್ಟರು. "ಹಗಲ ಜೋಂಪು ಹತ್ತಿದ್ರ ಇದು ಮತ್ತ ಬರತದ. ನಾ ಮಕ್ಕೊಂಡ್ರ ನೀ ಎಬಿಸು, ನೀ ಮಕ್ಕೊಂಡ್ರ ನಾ ಎಬಿಸತೀನಿ."

ಇದ್ದಿಲಿನ ಬೆಚ್ಚನೆ ಹೊಗೆಗೆ ಇಬ್ಬರೂ ಒಟ್ಟಿಗೇ ಮಲಗಿಬಿಟ್ಟರು.

ಸಂಜೆ ಮನೆ ಮುಟ್ಟಿದಾಗ ಕೇಶರಬಾಯಿ ಸೆರಗು ಹೊದ್ದು ಎದ್ದುನಿಂತಳು. "ಮಾಸ್ತರ ಸಾಹೇಬರು! ಬರ್ರಿ, ಬರ್ರಿ. ನಮ್ಮ ಮನಿತನಾ ಬಂದ್ರಿ, ದೊಡ್ಡದಾತು." ಪಡಸಾಲೆಯಲ್ಲಿ ಕಂಬಳಿ ಹಾಸಿದಳು. ಖಂಡು ನೀರು ತಂದ. ಗೋಡೆಯ ಮೇಲೆ ಮುನ್ನಿ ಬೀ ಆಗಲೇ ಹಾಜರಿದ್ದಳು.

ಮಾಸ್ತರು ಗಂಟಲು ಸರಿಮಾಡಿಕೊಂಡರು. "ಬಾಯಿ, ನಿಮ್ಮ ಮಗ..." ಎಂದವರು ಅಷ್ಟಕ್ಕೇ ನಿಂತರು. ಎಡಗಣ್ಣು ಕೆಂಪೇರಿತು, ರೆಪ್ಪೆ ಜೋತಿತು. "ಯಾ ಅಲ್ಲಾ!" ಎಂದು ಎದ್ದು ಅಂಗಳಕ್ಕೆ ಧುಮುಕಿ ಗಿರಗಿರ ತಿರುಗತೊಡಗಿದರು.

"ಅಯ್ಯ ಪಾಂಡುರಂಗಾ!" ಕೇಶರಬಾಯಿ ಎದೆ ಬಡಿದುಕೊಂಡಳು. "ಖಂಡು, ತಣ್ಣೀರು ತಾ! ಸೋನು, ಅರಿವಿ ತೊಯ್ಸು! ಎಂಥಾ ಬ್ಯಾನಿನವ್ವಾ ಇದು, ಜೀವಾ ತಿನ್ನಾಕತ್ತದ!" ಮುನ್ನಿ ಬೀ ಗೋಡೆ ಹಾರಿಯೇ ಬಂದಳು.

ತುಳಜಾರಾಮನಿಗೆ ಕುಣಿಯಬೇಕೆನಿಸಿತು. ಬಾಯಿಮಾತಿನ ಸಾಕ್ಷಿಗಿಂತ ಇದು ಎಷ್ಟು ಮೇಲು! "ನೋಡವ್ವಾ, ನಂದೂ ಇದೇ! ಇದೇ ಕಣ್ಣೀರು, ಇದೇ ಓಡ್ಯಾಟ!"

ಕೇಶರಬಾಯಿ ಮಾಸ್ತರನ್ನು ನೋಡಿದಳು, ಮಗನನ್ನು ನೋಡಿದಳು. ಆಕೆಯ ಮುಖ ಕರಗಿತು. "ಹೌದಲ್ಲೋ ತುಳಜಾ..." ಎಂದಳು, "ಹುಬೇಹುಬ್ ಇದೇ..." ಸೋನುಬಾಯಿ ತೊಯ್ದ ಬಟ್ಟೆ ಹಿಡಿದುಕೊಂಡೇ ನಕ್ಕಳು. ಮಿಷನ್ ಉಳಿಯಿತು!

ಸರಿಯಾಗಿ ಆಗಲೇ ಬಸ್ಸಿನ ನಿದ್ದೆ ತುಳಜಾರಾಮನ ಬಲಗಣ್ಣನ್ನು ಹಿಡಿಯಿತು. ಅವನೂ ಹಣೆ ಒತ್ತಿಕೊಂಡು, ಅಯ್ಯೋ ಎನ್ನುತ್ತ ಮಾಸ್ತರ ಹಿಂದೆಯೇ ಅಂಗಳ ಸುತ್ತತೊಡಗಿದ.

ಕೇಶರಬಾಯಿಯ ಮುಖ ಬಿಗಿಯಿತು. ಮುಂದೆ ಮಾಸ್ತರು, ಹಿಂದೆ ಮಗ. ಅದೇ ಹೆಜ್ಜೆ, ಅದೇ ನರಳಾಟ.

"ಎಲಾ ಕಳ್ಳಾ!" ಎಂದಳು. "ಹುಮನಾಬಾದಿಗಿ ನೂಲು ತರಾಕ ಹೋಗಿ ಇದನ್ನ ಕಲತು ಬಂದೀ ಏನು? ದೊಡ್ಡ ಮನುಷ್ಯಾರ ಬ್ಯಾನಿ ನೋಡಿ ನಕಲ ಮಾಡಾಕ ನಾಚಿಕಿ ಬರಂಗಿಲ್ಲ? ಅದೂ ಅವರ ಕಣ್ಣಮುಂದ!"

"ಇಲ್ಲ ಬಾಯಿ," ಮಾಸ್ತರು ಏದುಸಿರು ಬಿಡುತ್ತ ಓಡುತ್ತಲೇ ಕೂಗಿದರು, "ಅವಂದೂ... ಖರೇ... ಖುದಾನ ಆಣಿ..."

"ನೋಡ್ರಿ ಎಂಥಾ ಮನಸ್ಸು!" ಕೇಶರಬಾಯಿಯ ಕಣ್ಣು ತುಂಬಿತು. "ಜೀವಾ ಹೋಗಾಕತ್ತಿದ್ರೂ ಇವನ ಮಾನಾ ಕಾಯಾಕತ್ತಾರ."

ಮುನ್ನಿ ಬೀ ಮಾತ್ರ ಕುತೂಹಲದಿಂದ ಇಬ್ಬರ ಮುಖವನ್ನೂ ದಿಟ್ಟಿಸುತ್ತಿದ್ದಳು. "ಆದ್ರ ಬಾಯಿ, ಮಾಸ್ತರ್‍ದು ಎಡಗಣ್ಣು. ಇವಂದು ಬಲಗಣ್ಣು ಅಲ್ಲೇನು?"

ತುಳಜಾರಾಮ ಆ ನೋವಿನಲ್ಲೂ ತಿರುಗುವುದನ್ನು ಬಿಟ್ಟು ನಿಂತ. ಜನ್ಮದಲ್ಲಿ ಮೊದಲ ಸಲ ಮುನ್ನಿ ಬೀಯ ಕಾಲಿಗೆ ಬೀಳಬೇಕೆನಿಸಿತು. "ಹೌದವ್ವಾ! ನಕಲ ಆಗಿದ್ರ ಎಡಗಣ್ಣೇ ಹಿಡಕೋತಿದ್ದಿಲ್ಲೇನು?"

ಕೇಶರಬಾಯಿ ದರ್ಜಿಯ ಹೆಂಡತಿಯಾಗಿ ಬಾಳಿ ಎಡಬಲದ ಲೆಕ್ಕ ಬಲ್ಲವಳು. ಒಂದು ಗಳಿಗೆಯೂ ತಡೆಯಲಿಲ್ಲ.

"ಎದುರಿಗೆ ಕುಂತು ನೋಡಿ ಕಲತಾನ," ಎಂದಳು. "ಅದಕ್ಕ ಉಲ್ಟಾ ಬಂದದ."

ಸೋನುಬಾಯಿ ಮೆಲ್ಲಗೆ ಗಂಡನ ಎದುರಿಗೆ ಬಂದು ನಿಂತಳು. ಅವನ ಕೈ ಬಲಗಣ್ಣಿನ ಮೇಲಿತ್ತು. ಅದನ್ನೇ ನೋಡುತ್ತ ತನ್ನ ಕೈಯನ್ನೂ ಕಣ್ಣಿನ ಮೇಲಿಟ್ಟುಕೊಂಡಳು. ಆಮೇಲೆ, ಯಾವ ಕಣ್ಣಿನ ಮೇಲೆ ಇಟ್ಟೆ ಎಂದು ತನ್ನ ಕೈಯನ್ನೇ ಹೊರಳಿಸಿ ನೋಡಿಕೊಂಡಳು. ಅದು ಎಡದ್ದಾಗಿತ್ತು.

"ನೀವಂದದ್ದು ಖರೇನ ಅದರಿ, ಅತ್ತಿ," ಎಂದಳು.