ಏಳೂವರೆಗೆ ನಮ್ಮ ಬೀದಿಯಲ್ಲಿ ಯಾರೂ ಇರುವುದಿಲ್ಲ

ಕೈಗೆ ಹಾಲಿನ ಕ್ಯಾನು ಬಂದ ದಿವಸದಿಂದ ನನ್ನ ಕಣ್ಣ ಮುಂದೆ ಇಂಥವು ನಡೀತಾನೇ ಇವೆ. ಕ್ಯಾನು ಅಟ್ಟ ಸೇರಿದ ಮೇಲೂ ನಿಂತಿಲ್ಲ. ಹಿನಕಲ್ ಇನ್ನೂ ಹಳ್ಳಿಯಾಗಿದ್ದಾಗ ನಲವತ್ತು ಮನೆಗೆ ನಾನೇ ಹಾಲು ಹಾಕುತ್ತಿದ್ದವಳು. ಹಾಲಿನ ಹಿಂದೆಯೇ ಸುದ್ದಿ. ಯಾರ ಮನೆಯಲ್ಲಿ ಪಾತ್ರೆ ಎಸೆದಾಡಿದರು, ಯಾರ ಮಗಳು ಯಾರ ಸೈಕಲ್ಲಿನ ಹಿಂದೆ ಕೂತಳು, ಎಲ್ಲ ಬೆಳಿಗ್ಗೆ ಏಳರೊಳಗೆ ಹಂಚಿ ಮುಗಿಸುತ್ತಿದ್ದೆ. ಹಾಲಿಗೆ ನೀರು ಬೆರೆಸಿದ್ದುಂಟು, ಸುಳ್ಳು ಯಾಕೆ ಹೇಳಲಿ. ಸುದ್ದಿಗೆ ಮಾತ್ರ ಬೆರೆಸಿದವಳಲ್ಲ.

ಈಗ ಹೊಲ ಸೈಟಾಯಿತು, ಹಾಲು ಪ್ಯಾಕೆಟ್ಟಾಯಿತು, ಸುದ್ದಿ ಫೋನೊಳಗೆ ಹೋಯಿತು. ನನಗೋ ಕೂತಲ್ಲಿ ಕೂರಕ್ಕಾಗಲ್ಲ. ಜಗಲಿಗೂ ಗೇಟಿಗೂ ದಿನಕ್ಕೆ ನೂರು ಸಲ ಓಡಾಡುತ್ತೇನೆ. ಹಂಗೆ ಓಡಾಡುವಾಗ ಕಂಡದ್ದು ಇಷ್ಟು.

೧. ಗ್ರೂಪಿನ ನೀರು

ಒಂದು ಸಾಯಂಕಾಲ ನೀರಿನವನು ನಮ್ಮ ಬೀದಿಯ ವಾಲ್ವು ತಿರುಗಿಸಿ, ಮೇಲೊಂದು ಕಲ್ಲಿಟ್ಟು ಹೋದ. ನಾನೇ ಕಣ್ಣಾರೆ ನೋಡಿದೆ. ಎದುರುಮನೆ ಓನರಮ್ಮನಿಗೆ ಕೂಗಿ ಹೇಳಿದೆ: "ನಾಳೆ ನೀರು ಬರಲ್ಲ ಕಣಮ್ಮ, ತುಂಬಿಸ್ಕೊ." ಈ ಓನರಮ್ಮನಿಗೆ ಮೂರು ಬಾಡಿಗೆ ಮನೆ ಇದೆ, ಹಂಗಾಗಿ ಬೀದಿಯಲ್ಲಿ ಮಾತು ಜೋರು.

ಅವಳು ಫೋನು ಉಜ್ಜಿ ನೋಡಿ, "ಇಲ್ವಲ್ಲ ಅಜ್ಜಿ. ಗ್ರೂಪಲ್ಲಿ ಬಂದಿಲ್ಲ" ಅಂದಳು.

"ವಾಲ್ವು ತಿರುಗಿಸಿದ್ದು ನಾನು ನೋಡ್ದೆ."

"ನೀವು ನೋಡಿರ್ತೀರ. ಗ್ರೂಪಲ್ಲಿ ಬರಬೇಕಲ್ವಾ?"

ಬೆಳಿಗ್ಗೆ ಮುಖದ ತುಂಬ ಸೋಪಿನ ನೊರೆ ಮೆತ್ತಿಕೊಂಡು, ಒಂದು ಕಣ್ಣು ಮುಚ್ಚಿಕೊಂಡು, ನಮ್ಮ ಗೇಟಿಗೆ ಬಂದಳು. "ಅಜ್ಜಿ, ಒಂದು ಬಿಂದಿಗೆ ನೀರು ಕೊಡಿ."

"ಗ್ರೂಪಲ್ಲಿ ಕೇಳವ್ವ," ಅಂದೆ, "ಹಾಕ್ತಾರೆ."

೨. ಪಾಯಸ

ಸಾಯಂಕಾಲ ಏಳೂವರೆಗೆ ಒಂದು ಧಾರಾವಾಹಿ ಬರುತ್ತದೆ. ಆ ಹೊತ್ತಿಗೆ ನಮ್ಮ ಬೀದಿಯಲ್ಲಿ ಒಂದು ನರಪಿಳ್ಳೆ ಇರುವುದಿಲ್ಲ. ಸೊಪ್ಪಿನವಳು ಏಳಕ್ಕೇ ಗಾಡಿ ತಳ್ಳಿಕೊಂಡು ಹೊರಟುಹೋಗುತ್ತಾಳೆ. ಜಗಲಿ ಬಿಟ್ಟು ಕದಲದ ನಾನೂ ಒಳಗೆ ಹೋಗುತ್ತೇನೆ. ಅದರೊಳಗೆ ಒಬ್ಬಳು ಅತ್ತೆ ಇದ್ದಾಳೆ, ಒಂದೇ ಮಾತನ್ನು ಮೂರು ಕಡೆಯಿಂದ ತಿರುಗಿ ಹೇಳುತ್ತಾಳೆ. ಒಂದು ದಿವಸ ಸೊಸೆಯ ಪಾಯಸಕ್ಕೆ ಏನೋ ಪುಡಿ ಉದುರಿಸಿಬಿಟ್ಟಳು.

ಮಾರನೆಯ ದಿವಸ ನನ್ನ ಗ್ರಹಚಾರ, ನಮ್ಮ ಮನೆಯಲ್ಲೂ ಶಾವಿಗೆ ಪಾಯಸ. ಒಂದು ಲೋಟ ಸೊಸೆಯ ಕೈಗೆ ಕೊಟ್ಟೆ. ಲೋಟದೊಳಗೆ ನೋಡಿದಳು. ನನ್ನ ಮುಖ ನೋಡಿದಳು. ಮತ್ತೆ ಲೋಟ.

"ನೀವು ಮೊದಲು ಕುಡೀರಿ ಅತ್ತೆ."

ಉರಿದುಹೋಯಿತು. "ಅಲ್ಲ ಕಣೇ, ಆ ಸೊಸೆ ಹೆಸರಲ್ಲಿ ಬಂಗಲೆ ಇದೆ, ಕಂಪನಿ ಇದೆ. ನಿನ್ನ ಹೆಸರಲ್ಲಿ ಇರೋದು ಒಂದು ಗ್ಯಾಸ್ ಕನೆಕ್ಷನ್ನು. ಅದಕ್ಯಾರು ವಿಷ ಹಾಕ್ತಾರೆ?"

೩. ನಾನು ಸಾರ್ವಜನಿಕರಾದದ್ದು

ಓನರಮ್ಮನ ಮೂರು ಬಾಡಿಗೆ ಮನೆಯಲ್ಲಿ ಒಂದರಲ್ಲಿ ಟೈಲರಮ್ಮ ಇದ್ದಾಳೆ. ಗಂಡ ತೀರಿಹೋಗಿ ಹದಿನೈದು ವರ್ಷ. ಕಿಟಕಿ ಪಕ್ಕ ಮಿಷನ್ನು, ಬೀದಿ ಹೆಂಗಸರದೆಲ್ಲ ಅಳತೆ ಅವಳ ಬಾಯಲ್ಲೇ. ಅವಳ ಮನೆಯಿಂದ ಒಬ್ಬ ಕಂಡಕ್ಟರಪ್ಪ ಪ್ಯಾಂಟನ್ನು ತೋಳ ಮೇಲೆ ಹಾಕಿಕೊಂಡು ಹೊರಗೆ ಬಂದದ್ದನ್ನು ಮೂರು ಭಾನುವಾರ ನೋಡಿದೆ. ಸಿಟಿ ಬಸ್ಸಿನಲ್ಲಿ ಟಿಕೆಟ್ ಹರಿದು ರಿಟೈರಾದವನು, ಅವನಿಗೂ ಹೆಂಡತಿ ಇಲ್ಲ. ಮೂರು ಸಲವೂ ಅದೇ ನಶ್ಯದ ಬಣ್ಣದ ಪ್ಯಾಂಟು. ಓನರಮ್ಮನಿಗೆ ಹೇಳಿದೆ. "ಹೋಗಿ ಅಜ್ಜಿ, ನಿಮಗೆ ಬೇರೆ ಕೆಲಸ ಇಲ್ಲ" ಅಂದುಬಿಟ್ಟಳು.

ಆಗ ಬಂದ ನೋಡಿ ಮೈಕಿನವನು. ಫೋನಿನಲ್ಲಿ ಬರುವ ಯಾವುದೋ ಚಾನಲ್ಲು. ಮೂಲೆಯ ಕಸದ ರಾಶಿಯ ವೀಡಿಯೋ ತೆಗೆಯಲು ಬಂದಿದ್ದ. "ಅಜ್ಜಿ, ಸಾರ್ವಜನಿಕರ ಅಭಿಪ್ರಾಯ ಹೇಳಿ" ಅಂದ.

"ಸಾರ್ವಜನಿಕರು ಎಲ್ಲಪ್ಪ?"

"ನೀವೇ."

ಎಪ್ಪತ್ತೆರಡು ವರ್ಷ ಬದುಕಿ, ಅವತ್ತೇ ನಾನು ಸಾರ್ವಜನಿಕರಾದದ್ದು. ಕಸದ ವಿಷಯ ಐದು ನಿಮಿಷ ಹೇಳಿದೆ. ಹೇಳಿ ಸುಮ್ಮನಾಗಬೇಕಿತ್ತು, ಬಾಯಿ ಕೇಳಬೇಕಲ್ಲ. "ಕಸ ಅಂದ್ರೆ ಬರೀ ಮೂಲೇದಲ್ಲಪ್ಪ. ಒಂದು ಪ್ಯಾಂಟನ್ನ ತಿಂಗಳಿಗೆ ಮೂರು ಸಲ ಆಲ್ಟರ್ ಮಾಡಿಸ್ತಾರಾ, ಈ ಟೈಲರಮ್ಮನ್ನೇ ಕೇಳು" ಅಂದುಬುಟ್ಟೆ.

ಆ ಪಾಪಿ ಕಸವನ್ನೆಲ್ಲ ಕತ್ತರಿಸಿ ಎಸೆದು, ಪ್ಯಾಂಟೊಂದನ್ನೇ ಇಟ್ಟುಕೊಂಡ.

ಸಾಯಂಕಾಲಕ್ಕೆ ಓನರಮ್ಮ ಕುಣಿಯುತ್ತಾ ಬಂದಳು. "ನೋಡಿದ್ರಾ ಅಜ್ಜಿ? ನಮ್ಮ ಬಾಡಿಗೆಯವಳ ಕಥೆ! ತಿಂಗಳು ತುಂಬೋದರೊಳಗೆ ಮನೆ ಖಾಲಿ ಮಾಡು ಅಂದುಬಿಟ್ಟೆ."

ಸುದ್ದಿ ಹಂಚುವುದು ಬೇರೆ, ಒಬ್ಬಳ ಮಿಷನ್ನು ಬೀದಿಗೆ ಬರುವುದು ಬೇರೆ. "ಅಯ್ಯೋ, ಅದು ನಾನೇ ಕಣಮ್ಮ ಹೇಳಿದ್ದು! ಬಾಯಿ ಚಪಲಕ್ಕೆ ಅಂದೆ. ಅವತ್ತು ನೀನೇ ನಂಬಲಿಲ್ಲ!"

"ಅವತ್ತು ನೀವು ಸುಮ್ನೆ ಹೇಳಿದ್ರಿ. ಇವತ್ತು ವೀಡಿಯೋದಲ್ಲಿ ಬಂದಿದೆ."

ಮಾರನೆಯ ಬೆಳಿಗ್ಗೆ ಟೈಲರಮ್ಮ ನಾನು ಹೊಲಿಯಲು ಕೊಟ್ಟಿದ್ದ ರವಿಕೆ ತಂದು ಜಗಲಿ ಮೇಲಿಟ್ಟಳು. ನನಗೆ ಅವಳ ಮುಖ ನೋಡಲಾಗಲಿಲ್ಲ. "ಎರಡು ತೋಳೂ ಹೊಲಿದಿದೀನಿ ಅಜ್ಜಿ" ಅಂದಳು. "ಬಾಯಿ ಹೊಲಿಯೋಷ್ಟು ದಪ್ಪ ದಾರ ನನ್ನ ಹತ್ರ ಇಲ್ಲ."

೪. ಬೀದಿಯೆಲ್ಲ ಬೀಗರಾದದ್ದು

ಅದಾದ ಮೇಲೆ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಮನೆಮನೆಗೂ ಹೋಗಿ, "ಅವಳು ಒಳ್ಳೆಯವಳು ಕಣ್ರೀ" ಅಂದೆ. "ನೀವೇ ವೀಡಿಯೋದಲ್ಲಿ ಹಂಗಂದ್ರಲ್ಲ" ಅಂದರು. ತಿಂಗಳು ತುಂಬಲು ನಾಲ್ಕು ದಿವಸ ಉಳಿಯಿತು. ಟೈಲರಮ್ಮ ಬಟ್ಟೆಗಳನ್ನು ಗಂಟು ಕಟ್ಟತೊಡಗಿದಳು.

ಅಷ್ಟರಲ್ಲಿ ಏಳೂವರೆಯ ಧಾರಾವಾಹಿಯಲ್ಲಿ ಒಂದು ವಿಚಿತ್ರ ನಡೆಯಿತು. ನಾಯಕಿಯ ಚಿಕ್ಕಮ್ಮ, ಪಾಪ ಗಂಡನಿಲ್ಲದವಳು, ಒಬ್ಬ ರಿಟೈರಾದ ಮೇಷ್ಟ್ರನ್ನು ಮದುವೆಯಾದಳು. ಮೂರು ಸಂಜೆ ನಡೆಯಿತು ಆ ಮದುವೆ. ಇಡೀ ಬೀದಿ ಅತ್ತಿತು. ಓನರಮ್ಮ ಸೆರಗು ಹಿಂಡುವಷ್ಟು ಅತ್ತಳು.

ನಾಲ್ಕನೆಯ ದಿವಸ ಭಾನುವಾರ. ಬೆಳಿಗ್ಗೆಯೇ ಓನರಮ್ಮ ತಟ್ಟೆಯಲ್ಲಿ ಅರಿಶಿನ ಕುಂಕುಮ, ಎಲೆ ಅಡಿಕೆ ಇಟ್ಟುಕೊಂಡು ಮುಂದೆ, ಹತ್ತು ಹೆಂಗಸರು ಹಿಂದೆ, ಟೈಲರಮ್ಮನ ಬಾಗಿಲಿಗೆ. ಚಿಕ್ಕಮ್ಮ ಉಟ್ಟಿದ್ದಂಥದೇ ಗಿಳಿಹಸಿರು ಸೀರೆ ಬೇರೆ ತಂದಿದ್ದಳು. ಯಾರು ಹೇಳಿದರೋ, ಮೈಕಿನವನೂ ಹಾಜರು. ನಾನಂತೂ ಎಲ್ಲರಿಗಿಂತ ಮುಂದೆ ಓಡಿದೆ.

"ಒಂಟಿ ಜೀವ ಕಣಮ್ಮ ನಿಂದು," ಓನರಮ್ಮ ಮೂಗೊರೆಸಿಕೊಂಡಳು, "ಕಂಡಕ್ಟರಪ್ಪನಿಗೆ ಹೂಂ ಅನ್ನು. ನಾವೇ ನಿಂತು ಮದುವೆ ಮಾಡ್ತೀವಿ. ಮನೆ ಗಿನೆ ಬಿಡಬೇಡ."

ಟೈಲರಮ್ಮ ಮಿಷನ್ನಿನಿಂದ ಕಾಲು ತೆಗೆದಳು. "ರೀ," ಅಂತ ಒಳಗೆ ಕೂಗಿದಳು, "ಸ್ವಲ್ಪ ಬನ್ನಿ."

ಬನಿಯನ್ನು, ಲುಂಗಿ, ಕೈಯಲ್ಲಿ ಕಾಫಿ ಲೋಟ. ಕಂಡಕ್ಟರಪ್ಪ ಒಳಗಿನಿಂದಲೇ ಬಂದ!

"ನಮ್ಮದು ರಿಜಿಸ್ಟ್ರಾರ್ ಆಫೀಸಲ್ಲಿ ಮದುವೆ ಆಗಿ ಹತ್ತು ತಿಂಗಳಾಯ್ತಮ್ಮ" ಅಂದ. "ಬೆಳಿಗ್ಗೆ ಐದಕ್ಕೆ ಫ್ಯಾಕ್ಟರಿ ಗೇಟು ಕಾಯೋಕೆ ಹೋಗ್ತೀನಿ, ಸಾಯಂಕಾಲ ಏಳೂವರೆಗೆ ಮನೆಗೆ ಬರ್ತೀನಿ. ಭಾನುವಾರ ಪ್ಯಾಂಟು ಇಸ್ತ್ರಿಗೆ ಕೊಡ್ತೀನಿ."

"ಮದುವೆ ಆಗಿದ್ದರೆ ಹೇಳಬಾರದಿತ್ತಾ?" ಓನರಮ್ಮ ತಟ್ಟೆ ಕೆಳಗಿಟ್ಟಳು.

"ಅವತ್ತೇ ಮೈಸೂರು ಪಾಕ್ ತಂದ್ಕೊಟ್ಟೆ," ಅಂದಳು ಟೈಲರಮ್ಮ. "ಟಿವಿಯಿಂದ ಕಣ್ಣು ತೆಗೀದೆ 'ಅಲ್ಲಿಡು' ಅಂದ್ರಿ. ಮನೆ ಖಾಲಿ ಮಾಡು ಅಂದಾಗಲೂ ಹೇಳ್ದೆ, ಅವರು ನನ್ನ ಯಜಮಾನರು ಅಂತ. ವೀಡಿಯೋದಲ್ಲಿ ಹಂಗೆ ಹೇಳಿಲ್ವಲ್ಲ ಅಂದ್ರಿ."

ನನಗೆ ಅದ್ಯಾವುದೂ ಕಿವಿಗೆ ಬೀಳುತ್ತಿಲ್ಲ. ಹತ್ತು ತಿಂಗಳು! ನನ್ನ ಗೇಟಿನಿಂದ ಇಪ್ಪತ್ತು ಹೆಜ್ಜೆ! "ಬರೀ ಕೈಯಲ್ಲಿ ಬಂದ್ಯೇನಪ್ಪ ಸಂಸಾರಕ್ಕೆ?" ಅಂದೆ. "ಒಂದು ಮಂಚ, ಒಂದು ಬೀರು ತರಲಿಲ್ವಾ? ತಂದಿದ್ರೆ ನನ್ನ ಕಣ್ಣು ತಪ್ಪಿಸೋಕಾಗ್ತಿತ್ತಾ?"

"ತಂದೆ ಅಜ್ಜಿ. ಮಂಚ, ಬೀರು, ಫ್ರಿಡ್ಜು, ಎಲ್ಲ ಏಳೂವರೆಗೇ ತಂದೆ. ಬೀರು ತುಂಬಾ ಭಾರ ಇತ್ತು. ನಿಮ್ಮ ಜಗಲಿ ಮೇಲೇ ಇಳಿಸಿ ಐದು ನಿಮಿಷ ಸುಧಾರಿಸ್ಕೊಂಡೆ."

"ನನ್ನ ಜಗಲಿ ಮೇಲೆ?"

"ಹೂಂ. ಒಳಗೆ ನೀವು ಜೋರಾಗಿ ಅಳ್ತಾ ಇದ್ರಿ. ಯಾರೋ ಹೋಗ್ಬಿಟ್ಟಿರಬೇಕು ಅಂದ್ಕೊಂಡು, ಬೀರು ಹೊತ್ಕೊಳ್ಳೋ ಮುಂಚೆ ಒಂದು ಸಲ ಕೈ ಮುಗಿದು ಬಂದೆ."